ಪಾದುವಾದಲ್ಲಿ ಜೋಯ್ಸ್ ಕೇಳಿದ್ದು

ಕುವೈತಿನ ಸಲ್ವಾದ ದೊಡ್ಡ ಮನೆಯೊಂದರಲ್ಲಿ ಉಮ್ಮ್ ಬದರ್ ಎಂಬ ಮುದುಕಿಯನ್ನು ನೋಡಿಕೊಳ್ಳುವುದು ಕಿನ್ನಿಗೋಳಿಯ ಜೋಯ್ಸಳ ಕೆಲಸ. ಮಂಡಿನೋವಿಗೆ ಬಿಸಿ ಕೆಸರಿನ ಚಿಕಿತ್ಸೆಯೆಂದು ಮನೆಯವರು ಮುದುಕಿಯ ಜೊತೆ ಅವಳನ್ನೂ ಇಟಲಿಗೆ ಹೊರಡಿಸಿದಾಗ ಅವಳು ಮೊದಲು ಕೇಳಿದ್ದು, ಅಲ್ಲಿಂದ ಪಾದುವಾ ಎಷ್ಟು ದೂರ ಎಂದು. ಸಂತ ಅಂತೋನಿಯವರ ಸಮಾಧಿ ಇರುವ ಊರು ಅದು. ಕಳೆದುಹೋದದ್ದನ್ನು ಹುಡುಕಿಕೊಡುವ ಸಂತ. ಅವಳ ತಮ್ಮ ಆಲ್ರೊಯ್ ದುಬೈಯ ಕೆಲಸ ಬಿಟ್ಟು ಎಲ್ಲಿಗೆ ಹೋದನೋ, ಎರಡು ವರ್ಷದಿಂದ ಸುದ್ದಿಯಿಲ್ಲ.

ಚಿಕಿತ್ಸೆಯ ಊರಿನಿಂದ ಪಾದುವಾಕ್ಕೆ ಅರ್ಧ ಗಂಟೆಯ ದಾರಿ. ಆದರೆ ದಿನಗಳೆಲ್ಲ ಕೆಸರು, ಸ್ನಾನ, ಮಾತ್ರೆಗಳಲ್ಲೇ ಮುಗಿದವು. ಕೊನೆಯ ದಿನ ಜೋಯ್ಸ್ ಧೈರ್ಯ ಮಾಡಿ, ಪಾದುವಾಕ್ಕೆ ಹೋಗಿಬರಲೇ ಎಂದು ಕೇಳಿಯೇಬಿಟ್ಟಳು.

"ಅಮ್ಮನನ್ನು ಬಿಟ್ಟು ಹೇಗೆ ಹೋಗ್ತೀ?" ಎಂದಳು ಜೊತೆಗೆ ಬಂದಿದ್ದ ಮುದುಕಿಯ ಮಗಳು ಹೆಸ್ಸಾ.

"ನಾನೂ ಬರ್ತೇನೆ, ಯಲ್ಲಾ, ನಡಿ!" ಎಂದು ಮುದುಕಿ ಕೋಲು ಹಿಡಿದು ಎದ್ದಳು.

ಟ್ಯಾಕ್ಸಿ ವಿಶಾಲವಾದ ಚೌಕವೊಂದನ್ನು ಬಳಸಿ ಸಾಗಿತು. ಅಲ್ಲಿ ಕಾಲುವೆಯ ಎರಡೂ ದಡದಲ್ಲಿ ಕಲ್ಲಿನ ಮೂರ್ತಿಗಳ ಸಾಲು. ಆಮೇಲೆ ಬೆಸಿಲಿಕಾದ ಗುಮ್ಮಟಗಳು ಕಂಡವು. "ನಮ್ಮ ಮಸೀದಿಯ ಹಾಗೇ ಇದೆಯಲ್ಲ!" ಎಂದಳು ಉಮ್ಮ್ ಬದರ್. ಅವಳನ್ನು ಬಾಗಿಲ ಬಳಿ ನೆರಳಿನಲ್ಲಿ ಕೂರಿಸಿ ಜೋಯ್ಸ್ ಒಳಗೆ ಹೋದಳು.

ಗೋಡೆಯ ಅಮೃತಶಿಲೆಯಲ್ಲಿ ಸಂತನ ಪವಾಡಗಳನ್ನು ಕೆತ್ತಿದ್ದರು. ಅವಳು ಅದೊಂದನ್ನೂ ನೋಡಲಿಲ್ಲ. ಸಾಲಿನಲ್ಲಿ ನಿಂತು ಮತ್ತೆ ಮತ್ತೆ ಬಾಗಿಲತ್ತ ತಿರುಗಿದಳು. ಸಮಾಧಿಯ ಕಲ್ಲಿನ ಮೇಲೆ ಕೈಯಿಟ್ಟಾಗ ಬಾಯಿಗೆ ಬಂದದ್ದು, 'ಮುದುಕಿ ಅಲ್ಲೇ ಕೂತಿರಲಿ' ಎಂಬುದಷ್ಟೇ.

ಹೊರಗೆ ಮುದುಕಿ ಇರಲಿಲ್ಲ. ಜೋಯ್ಸ್ ಅಂಗಡಿ ಸಾಲಿನಲ್ಲಿ ಓಡಿ, ಸಿಕ್ಕಸಿಕ್ಕವರನ್ನೆಲ್ಲ ಕೈಸನ್ನೆಯಲ್ಲಿ ಕೇಳಿ, ಕೊನೆಗೆ ಪಕ್ಕದ ಒಳ ಅಂಗಳದ ದೊಡ್ಡ ಮರದಡಿಯಲ್ಲಿ ಅವಳನ್ನು ಕಂಡಳು.

"ಅಲ್ಲಿ ಬಿಸಿಲು ಬಂತು. ನಿನ್ನ ತಮ್ಮನಿಗಾಗಿ ಬೇಡಿಕೊಂಡೆಯಾ?"

"ಇಲ್ಲ ಅಮ್ಮಾ, ನಿಮಗಾಗಿ ಬೇಡಿದೆ," ಎಂದು ಜೋಯ್ಸ್ ಅತ್ತುಬಿಟ್ಟಳು. ಮತ್ತೆ ಒಳಗೆ ಹೋಗಲು ಹೊತ್ತಿರಲಿಲ್ಲ. ಹೆಸ್ಸಾ ಫೋನಿನ ಮೇಲೆ ಫೋನು ಮಾಡುತ್ತಿದ್ದಳು.

ಕುವೈತಿಗೆ ಮರಳಿದ ಮೇಲೆ ಉಮ್ಮ್ ಬದರ್ ಬೆಳಗಾದರೆ, "ತಮ್ಮನ ಸುದ್ದಿ ಬಂತಾ?" ಎನ್ನುವಳು. ಇಲ್ಲ ಇಲ್ಲ ಎಂದು ಹೇಳಿ ಸಾಕಾದ ಜೋಯ್ಸ್, ಸಂತನೇ ನೋಡಿಕೊಳ್ಳಲಿ ಎಂದು ಕೈಬಿಟ್ಟಿದ್ದ ಹುಡುಕಾಟವನ್ನು ತಾನೇ ಶುರು ಮಾಡಿದಳು. ದುಬೈಯಲ್ಲಿ ಆಲ್ರೊಯ್ ಜೊತೆಗಿದ್ದ ಕ್ಲೆಮೆಂಟನಿಗೆ ವಾರವಿಡೀ ಫೋನು. ಕೊನೆಗೆ ಅವನು ಮಸ್ಕತ್ತಿನ ಹೋಟೆಲೊಂದರ ನಂಬರು ಕೊಟ್ಟು, "ನಾನು ಕೊಟ್ಟದ್ದು ಅಂತ ಹೇಳ್ಬೇಡ ಮಾರಾಯ್ತಿ," ಎಂದ.

ಆ ನಂಬರಿಗೆ ಫೋನು ಮಾಡಿದರೆ ಕೇಳಿಸಿದ್ದು ಆಲ್ರೊಯ್ ದನಿಯೇ. ಅವಳು ಹೆಸರು ಹೇಳಿದಳು. ಆ ಕಡೆ ಪಾತ್ರೆಗಳ ಸದ್ದು.

"ಅಕ್ಕಾ... ಆಮೇಲೆ ನಾನೇ ಮಾಡ್ತೇನೆ."

ಬದುಕಿದ್ದಾನೆ ಎಂದು ಕೇಳಿ ಮುದುಕಿ ದೇವರನ್ನು ನೆನೆದಳು. ಆಲ್ರೊಯ್ ಮಾತ್ರ ಇನ್ನೂ ಫೋನು ಮಾಡಿಲ್ಲ. ಜೋಯ್ಸ್ ಈಗ ಸ್ನಾನಕ್ಕೆ ಹೋಗುವಾಗಲೂ ತನ್ನ ಫೋನನ್ನು ಮುದುಕಿಯ ಕೈಗೆ ಕೊಟ್ಟು ಹೋಗುತ್ತಾಳೆ.