ಹೆಸರು ಬಿಟ್ಟುಕೊಡುವ ಲೈಸೆನ್ಸ್

ಕೆಟ್ಟ ಕೆಲಸ ಮಾಡುವಾಗ ಮನುಷ್ಯನ ಕೈ ನಡುಗುತ್ತದೆ ಅನ್ನುವುದು ಸುಳ್ಳು. ನನ್ನದು ನಡುಗಲಿಲ್ಲ.

ಮಾನ್ವಿಯ ಒಂದು ಅಕ್ಕಿ ಗಿರಣಿಯ ತೂಕದ ಕಾಟಾದಲ್ಲಿ ಲಾರಿ ತೂಗುವ ಹೆಣ್ಣುಮಗಳೊಬ್ಬಳಿದ್ದಳು. ದೇವದುರ್ಗದ ಕೂಲಿಯವರ ಮನೆಯವಳು, ಡಿಪ್ಲೊಮಾದಲ್ಲಿ ನನ್ನ ವಿದ್ಯಾರ್ಥಿನಿ. ಗಿರಣಿಯಲ್ಲಿ ಯಾರೂ ಅವಳನ್ನು ಹೆಸರು ಹಿಡಿದು ಕರೆಯುತ್ತಿರಲಿಲ್ಲ. ಎಲ್ಲರಿಗೂ ಅವಳು ‘ಕಾಟಾದಾಕಿ’. ಭತ್ತದ ತೇವ ಅಳೆದು ಒಂದೊಂದು ಗಿರಣಿಯ ಯಂತ್ರ ಒಂದೊಂದು ಬಗೆಯ ಚೀಟಿ ಕೊಡುತ್ತಿದ್ದರಿಂದ, ಕಲ್ಲೂರಿನ ರೈತ ಮಾನ್ವಿಯಲ್ಲಿ ಪರೀಕ್ಷೆ ಮಾಡಿಸಿದ ಭತ್ತವನ್ನು ರಾಯಚೂರಿನಲ್ಲಿ ಮತ್ತೆ ಪರೀಕ್ಷೆ ಮಾಡಿಸಬೇಕಿತ್ತು. ಎಲ್ಲ ಯಂತ್ರಗಳೂ ಓದಬಲ್ಲ ಒಂದೇ ನಮೂನೆಯ ಚೀಟಿಯನ್ನು ಅವಳು ಮೂರು ವರ್ಷ ಕೂತು ರೂಪಿಸಿದ್ದಳು. ಕರೆಂಟು ಹೋಗಿ ತೇವ ಅಳೆಯುವ ಯಂತ್ರ ನಿಂತಾಗ ಗಿರಣಿಯವರು ಕಾಳನ್ನು ಹಲ್ಲಿನಲ್ಲಿ ಕಡಿದು ನೋಡುತ್ತಾರಲ್ಲ, ಅದಕ್ಕೂ ಒಂದು ಕಾಲಂ ಇಟ್ಟಿದ್ದಳು. ಓದಿ ನನಗೆ ಹೊಟ್ಟೆ ಉರಿಯಿತು. ಇಪ್ಪತ್ತು ವರ್ಷ ಪಾಠ ಹೇಳಿದವನಿಗೆ ಇದು ಹೊಳೆದಿರಲಿಲ್ಲ.

ಅದನ್ನು ಎಲ್ಲ ಗಿರಣಿಗಳೂ ಬಳಸಬಹುದಾದ ಮುಕ್ತ ಮಾನದಂಡವಾಗಿಸಲು, ಮಾನದಂಡಗಳನ್ನು ಒಪ್ಪುವ ಸಮಿತಿಗೆ ಕಳಿಸುವ ಕೆಲಸವನ್ನು ನಾನೇ ವಹಿಸಿಕೊಂಡೆ. ಕರಡು ಪ್ರತಿಗೊಂದು ಲೈಸೆನ್ಸ್ ಆರಿಸಬೇಕಿತ್ತು. ಸಮಿತಿ ಎರಡನ್ನು ಒಪ್ಪುತ್ತಿತ್ತು. ಒಂದರಲ್ಲಿ ಯಾರು ಬೇಕಾದರೂ ಬಳಸಬಹುದು, ತಿದ್ದಬಹುದು, ಆದರೆ ಬರೆದವರ ಹೆಸರು ಉಳಿಸಲೇಬೇಕು. ಇನ್ನೊಂದರಲ್ಲಿ ಬರೆದವರು ಎಲ್ಲ ಹಕ್ಕನ್ನೂ ಬಿಟ್ಟುಕೊಡಬೇಕು, ಹೆಸರಿನದನ್ನೂ.

“ಸರ್, ಹೆಸರು ಇರೂದನ್ನ ಹಾಕ್ರೀ. ನನಗ ಬ್ಯಾರೆ ಏನೂ ಬ್ಯಾಡ,” ಅಂದಳು.

“ಅದನ್ನ ಸಮಿತಿಯವ್ರು ಒಪ್ಪಂಗಿಲ್ಲ ತಂಗಿ,” ಅಂದೆ.

ನಾನು ಮುಂದಿಟ್ಟ ಎರಡನೆಯ ಲೈಸೆನ್ಸಿನ ಕಾಗದಕ್ಕೆ ಅವಳು ಓದದೆಯೇ ಸಹಿ ಹಾಕಿದಳು. ಮಾಸ್ತರು ಕೊಟ್ಟ ಕಾಗದವನ್ನು ಅವರ ಎದುರಿಗೇ ಓದಿ ನೋಡಿದರೆ ನಮ್ಮ ಕಡೆ ಅದು ಮಾಸ್ತರಿಗೆ ಅವಮಾನ. ಆ ಮರ್ಯಾದೆಯೇ ನನ್ನ ಕೆಲಸ ಹಗುರ ಮಾಡಿತು.

ಮಾನದಂಡ ಪ್ರಕಟವಾಯಿತು. ಮೊದಲ ಪುಟದಲ್ಲಿ ಮಂಡಿಸಿದವರು ಎಂದು ನನ್ನ ಹೆಸರೊಂದೇ ಇತ್ತು. ಅವಳು ಬಸ್ಸು ಹಿಡಿದು ರಾಯಚೂರಿಗೆ ಬಂದು ಕಾಲೇಜಿನ ವರಾಂಡದಲ್ಲಿ ನಿಂತಳು.

“ಈಗರ ಬದಲಿ ಮಾಡಾಕ ಬರ್ತದೇನ್ರೀ ಸರ್?”

“ಒಮ್ಮಿ ಬಿಟ್ಟ ಹಕ್ಕು ತಿರುಗಿ ಬರಂಗಿಲ್ಲವ್ವಾ.”

ಅವಳಿಗೆ ನಾನು ಹೇಳಿದ ನಿಜ ಅದೊಂದೇ. ಅವಳು ಹೋದ ಮೇಲೆ ಚಹಾ ತರಿಸಿ ಕುಡಿದೆ, ರುಚಿಯಾಗಿಯೇ ಇತ್ತು.

ಈ ವರ್ಷ ಗಿರಣಿಗಳವರಿಗೆ ಆ ಚೀಟಿ ಕಲಿಸಲು ಸಮಿತಿಯವರು ನನ್ನನ್ನೇ ಕರೆದರು. ಮಾನ್ವಿಯ ಗಿರಣಿಯವರು ಕಲಿತು ಬಾ ಎಂದು ಅವಳನ್ನು ಕಳಿಸಿದ್ದರು. ಹಲ್ಲಿನ ಕಾಲಂನಲ್ಲಿ ಏನು ತುಂಬಬೇಕೆಂದು ಗಿಲ್ಲೆಸುಗೂರಿನ ಗಿರಣಿಯವನೊಬ್ಬ ಕೇಳಿದ. ನಾನು ತಡವರಿಸಿದೆ. ಅವಳು ಎದ್ದು ನಿಂತು, “ಕಟ್ ಅಂತ ಮುರಿದ್ರ ಒಣಗೇದ, ಚಪ್ಪಟಿ ಆದ್ರ ಹಸಿ ಅದ,” ಅಂದಳು. ಗುರುವಿಗೇ ತಿರುಮಂತ್ರ!

“ಕುಂದ್ರವ್ವಾ. ಕಲಿಯಾಕ ಬಂದೀದಿ, ಕಲಿಸಾಕಲ್ಲ,” ಅಂದೆ. ಎಲ್ಲರೂ ನಕ್ಕರು. ಅವಳು ಕೂತಳು.

ಸಂಜೆ ಪ್ರಮಾಣಪತ್ರ ಹಂಚಿದೆ. ಅವಳದರಲ್ಲಿ ಅಪ್ಪನ ಹೆಸರಿನ ಸಮೇತ ಪೂರ್ತಿ ಹೆಸರು ಅಚ್ಚಾಗಿತ್ತು. ಇವರು ಈ ಮಾನದಂಡವನ್ನು ತೃಪ್ತಿಕರವಾಗಿ ಕಲಿತಿದ್ದಾರೆ ಎಂದು ಕೆಳಗೆ ನನ್ನ ಸಹಿ.

“ಹೆಸರು ಬಂತಲ್ರೀ ಸರ್,” ಅಂದಳು.

ನಾನು ಮುಂದಿನವರನ್ನು ಕರೆದೆ.