ಕೊನೆಯ ಹಿಡಿ ಕಾಫಿ

ಆಗೆಲ್ಲ ನಮಗೆ ಮಹಾನಗರ ಅಂದರೆ ಚಿಕ್ಕಮಗಳೂರೇ. ಬೆಂಗಳೂರು ಎಲ್ಲೋ ಟೀವಿಯೊಳಗಿತ್ತು. ಕೊಟ್ಟಿಗೆಹಾರದ ಹತ್ತಿರ ಎಸ್ಟೇಟಿನ ಕೂಲಿಯವರ ಲೈನ್‌ಮನೆಯಲ್ಲಿ ಬೆಳೆದವಳಿಗೆ, ಒಂದೇ ಬೀದಿಯಲ್ಲಿ ಮೂರು ಬೇಕರಿ ಇರುವ ಊರು ನಗರವಲ್ಲದೆ ಇನ್ನೇನು? ಅಪ್ಪ ತೀರಿಕೊಂಡ ವರ್ಷ ಅವ್ವನಿಗೆ ಅಲ್ಲಿ ಒಬ್ಬ ಕಾಫಿ ಸಾಹುಕಾರರ, ಕಾಫಿ ಒಣಗಿಸುವ ಕಣದಲ್ಲಿ ಕೆಲಸ ಸಿಕ್ಕಿತು. ಕಣದ ಹಿಂದೆ ಇರಲು ಒಂದು ಕೋಣೆಯೂ ಸಿಕ್ಕಿತು. ಆ ಕೆಲಸ ಹೋದರೆ ಕೋಣೆಯೂ ಹೋಗುತ್ತದೆ, ಕೋಣೆ ಹೋದರೆ ನನ್ನ ಶಾಲೆಯೂ ಹೋಗುತ್ತದೆ ಎಂಬುದು ನನಗೆ ಹದಿಮೂರನೇ ವಯಸ್ಸಿಗೇ ಚೆನ್ನಾಗಿ ಗೊತ್ತಿತ್ತು.

ಎಂಟನೇ ಕ್ಲಾಸಿನ ಮೊದಲ ದಿನ, ಆಟದ ಬಯಲಿನ ಹುಲ್ಲಿಗೆ ಕಾಲಿಡುವ ಮೊದಲು, "ಇಲ್ಲಿ ಜಿಗಣೆ ಇಲ್ವಾ?" ಎಂದು ಕೇಳಿಬಿಟ್ಟೆ. ಪೇಟೆ ಹುಡುಗಿಯರೆಲ್ಲ ಬಿದ್ದು ಬಿದ್ದು ನಕ್ಕರು. ನಗದೇ ಇದ್ದವಳು ಒಬ್ಬಳೇ, ಶೈಲಾ. ಅವಳೂ ಹೊಸಬಳು. ಆಲ್ದೂರಿನಲ್ಲಿ ಅವಳ ಅಪ್ಪನ ಬಟ್ಟೆ ಅಂಗಡಿ ಸರಿಯಾಗಿ ನಡೆಯದೆ, ಓದಲಿಕ್ಕೆಂದು ದೊಡ್ಡಪ್ಪನ ಮನೆಗೆ ಕಳಿಸಿದ್ದರು. ಆ ದೊಡ್ಡಪ್ಪನೇ ನಮ್ಮ ಅವ್ವನ ಸಾಹುಕಾರರು ಎಂದು ತಿಳಿದಾಗ ನಾನು ಬೆಂಚಿನಲ್ಲಿ ಒಂದು ಗೇಣು ಆಚೆ ಸರಿದು ಕೂತೆ. ಅವಳು ಒಂದು ಗೇಣು ಈಚೆ ಸರಿದಳು.

ಅವಳ ಕೊರಳಲ್ಲಿ ಲಿಂಗ, ನನ್ನ ಬುತ್ತಿಯಲ್ಲಿ ಒಣಮೀನು. ಈ ಸ್ನೇಹ ಎರಡು ದಿನವೂ ಬಾಳುವುದಿಲ್ಲ ಅಂದುಕೊಂಡಿದ್ದೆ. ಶೈಲಾ ಅದಕ್ಕೊಂದು ಕಾನೂನು ಮಾಡಿದಳು. "ಮೀನಿದ್ದ ದಿನ ಆಚೆ ತಿರುಗಿ ತಿನ್ನು ಮಾರಾಯ್ತಿ. ಮಾತು ಮಾತ್ರ ಈಚೆ ಆಡು." ಹಾಗೇ ಮಾಡಿದೆವು. ನಾನು ಗೋಡೆ ನೋಡಿಕೊಂಡು ಉಣ್ಣುತ್ತಾ ಭುಜದ ಮೇಲಿಂದ ಮಾತಾಡುವುದನ್ನು ನೋಡಿ ಮೇಷ್ಟ್ರಿಗೂ ನಗು ಬರುತ್ತಿತ್ತು.

ಡಿಸೆಂಬರಿನಲ್ಲಿ ಸರ್ಕಾರದ ಸೈಕಲ್ ಬಂತು. ಇಬ್ಬರಿಗೂ ಒಂದೊಂದು. ಇಬ್ಬರಿಗೂ ಓಡಿಸಲು ಬರದು. ನಮ್ಮ ಕಡೆ ರಸ್ತೆ ಅಂದರೆ ಒಂದೋ ಏರು, ಇಲ್ಲ ಇಳಿಜಾರು. ರಜೆಯಲ್ಲಿ ಶಾಲೆಯ ಬಯಲಿಗೆ ಬೀಗ. ಕಲಿಯಲಿಕ್ಕೆ ಸಮತಟ್ಟು ಜಾಗ ಎಲ್ಲಿದೆ? ನನಗೆ ಗೊತ್ತಿದ್ದದ್ದು ಒಂದೇ, ನಮ್ಮ ಕಾಫಿ ಕಣ. ಸಿಮೆಂಟು ಹಾಕಿದ, ಅಂಗೈಯಷ್ಟು ನುಣ್ಣನೆಯ, ಶಾಲೆಯ ಮೈದಾನಕ್ಕಿಂತ ದೊಡ್ಡ ಕಣ. ಭಾನುವಾರ ಕೆಲಸದವರು ಬರುತ್ತಿರಲಿಲ್ಲ. ಬಿಸಿಲಿಗೆ ರಜೆ ಇಲ್ಲವಲ್ಲ, ಹಾಗಾಗಿ ಕಣದ ಗೇಟಿನ ಕೀ ಅವ್ವನ ಕೈಯಲ್ಲಿರುತ್ತಿತ್ತು. ಬೆಳಿಗ್ಗೆ ಕಾಫಿ ಹರಡಿ, ದನ ನಾಯಿ ಬಾರದಂತೆ ನನ್ನನ್ನು ಕಾವಲಿಗೆ ಕೂರಿಸಿ, ಅವಳು ಬಟ್ಟೆ ಒಗೆಯಲು ಹೋಗುತ್ತಿದ್ದಳು.

ಜನವರಿಯ ಒಂದು ಭಾನುವಾರ ಕಣದಲ್ಲಿ ಇಬ್ಬರು ಬೆಳೆಗಾರರ ಪಾರ್ಚ್‌ಮೆಂಟ್ ಅಕ್ಕಪಕ್ಕದಲ್ಲಿ ಒಣಗುತ್ತಿತ್ತು. ಪಾರ್ಚ್‌ಮೆಂಟ್ ಅಂದರೆ ಹಣ್ಣಿನ ಸಿಪ್ಪೆ ಸುಲಿದು ತೊಳೆದ, ತೆಳು ಹೊಟ್ಟಿನೊಳಗಿರುವ ಕಾಫಿ ಬೀಜ. ಒಂದು ಕಡೆ ಅರೇಬಿಕಾ, ಒಂದು ಕಡೆ ರೋಬಸ್ಟಾ, ನಡುವೆ ಒಂದು ಮಾರು ದಾರಿ. ತೊಳೆದ ಕಾಫಿಯ ಹುಳಿ ಹುಳಿ ವಾಸನೆ ಬಿಸಿಲಿಗೆ ಮೂಗಿಗೆ ಹತ್ತುತ್ತಿತ್ತು. ನಾನು ಸೀಟು ಹಿಡಿದು ಓಡಿದೆ. ಶೈಲಾ ಪೆಡಲು ತುಳಿದಳು. "ಬಿಡ್ಬೇಡ, ಬಿಡ್ಬೇಡ" ಅಂದಳು. ನಾನು ಬಿಟ್ಟೆ. ಸೈಕಲ್ ದಾರಿ ಬಿಟ್ಟು ರೋಬಸ್ಟಾದೊಳಗೆ ನುಗ್ಗಿ, ಅದನ್ನು ಚಿಮ್ಮಿಸುತ್ತಾ ಬಂದು, ಅರೇಬಿಕಾದ ಮೇಲೆ ಮಕಾಡೆ ಬಿತ್ತು.

ಅವಳ ಮಂಡಿ ಕಿತ್ತುಹೋಗಿತ್ತು. ಅರಿಶಿನ ತರಲು ನಾನು ಕೋಣೆಗೆ ಓಡಿದೆ. ತಿರುಗಿ ಬರುವಷ್ಟರಲ್ಲಿ ಆ ಪುಣ್ಯಾತ್ಗಿತ್ತಿ ಕುಂಟುತ್ತಲೇ ಮರದ ಹಲಗೆ ಹಿಡಿದು, ಎರಡು ಕಡೆ ಚೆಲ್ಲಿದ್ದನ್ನೂ ಎಳೆದು ಚೆಂದಾಗಿ ಒಂದೇ ಗುಡ್ಡೆ ಮಾಡಿ, ಚೆನ್ನಾಗಿ ಕಲಸಿಯೂ ಬಿಟ್ಟಿದ್ದಳು.

"ನೋಡು, ಬಿದ್ದದ್ದು ಗೊತ್ತೇ ಆಗಲ್ಲ ಈಗ" ಅಂದಳು.

ಅವಳದು ತಪ್ಪೂ ಅಲ್ಲ. ಬಟ್ಟೆ ಅಂಗಡಿಯಲ್ಲಿ ಹರವಿದ್ದನ್ನೆಲ್ಲ ಮಡಚಿ ಒಟ್ಟಿಟ್ಟರೆ ಕೆಲಸ ಮುಗಿಯಿತು. ಕಾಫಿ ಹಾಗಲ್ಲ. ಬೆರೆತ ಕಾಫಿಯನ್ನು ಯಾವ ಬೆಳೆಗಾರರೂ ತಮ್ಮದೆಂದು ಒಪ್ಪುವುದಿಲ್ಲ, ಬೆರೆಸಿದವರನ್ನು ಯಾವ ಸಾಹುಕಾರರೂ ಇಟ್ಟುಕೊಳ್ಳುವುದಿಲ್ಲ.

"ದೊಡ್ಡಪ್ಪಂಗೆ ನಾನೇ ಹೇಳ್ತೀನಿ ಬಿಡು" ಅಂದಳು ಶೈಲಾ.

"ಯಾರು ಹೇಳಿದ್ರೂ ಹೋಗೋದು ನಮ್ಮವ್ವನ ಕೆಲ್ಸ. ಕೀ ಇದ್ದದ್ದು ಅವ್ವನ ಹತ್ರ."

ಅವಳು ಗುಡ್ಡೆಯನ್ನೇ ನೋಡುತ್ತಾ ನಿಂತಳು. ಮೂರು ಮಂಕರಿಯಷ್ಟಾದರೂ ಇತ್ತು. "ಬೇರೆ ಮಾಡಕ್ಕೆ ಬರುತ್ತಾ?"

ಬರುತ್ತದೆ. ಅರೇಬಿಕಾ ಉದ್ದ, ಚಪ್ಪಟೆ. ರೋಬಸ್ಟಾ ಚಿಕ್ಕದು, ಗುಂಡು. ಒಂದೊಂದಾಗಿ ಆರಿಸಬೇಕು. ಎರಡು ಮೊರ ತಂದೆ. ಕೂತೆವು. ಮೊದಲ ಒಂದು ಗಂಟೆ ಅವಳು ಎಲ್ಲವನ್ನೂ ಮೂಗಿನ ಹತ್ತಿರ ಹಿಡಿದು ನೋಡುತ್ತಿದ್ದಳು. "ನಿಂದು ಬಟ್ಟೆ ಅಂಗಡಿ ಕಣ್ಣು" ಅಂತ ಬೈದೆ. ಅವಳು ಸಿಟ್ಟಾಗಲಿಲ್ಲ, ಬೇಗ ಬೇಗ ಕಲಿತಳು. ಮಧ್ಯಾಹ್ನ ಬಂದ ಅವ್ವ ಮೂಲೆಗೆ ಬಿದ್ದ ಸೈಕಲ್ ನೋಡಿದಳು, ಗುಡ್ಡೆ ನೋಡಿದಳು, ಕೈಯಲ್ಲಿದ್ದ ಒದ್ದೆ ಬಟ್ಟೆಯ ಬಕೆಟ್ಟನ್ನು ಅಲ್ಲೇ ಇಟ್ಟಳು. ಇನ್ನೊಂದು ಮೊರ ತಂದು ನಮ್ಮ ಪಕ್ಕ ಕೂತಳು.

"ಸಣ್ಣಮ್ಮಾರೇ, ನೀವು ಮನೆಗೆ ಹೋಗಿ. ನಿಮ್ಮ ದೊಡ್ಡಮ್ಮ ಹುಡುಕ್ತಾರೆ" ಅಂದಳು ಶೈಲಾಗೆ.

"ಇದು ಮುಗೀದೆ ನಾನು ಏಳಲ್ಲ ಗಿರಿಜಮ್ಮ" ಅಂದಳು ಅವಳು, ತಲೆ ಎತ್ತದೆ. ಅವ್ವ ಕೋಣೆಯಿಂದ ಮಜ್ಜಿಗೆ ತಂದಳು. ಕೊಡಲೋ ಬೇಡವೋ ಎಂದು ಅವಳು ಅನುಮಾನಿಸುವಷ್ಟರಲ್ಲಿ ಶೈಲಾ ಲೋಟ ಕಸಿದುಕೊಂಡು ಗಟಗಟ ಕುಡಿದಳು.

ಬಿಸಿಲು ಇಳಿಯುವವರೆಗೂ ಆರಿಸಿದೆವು. ಉಗುರಿನ ಸಂದಿಗೆಲ್ಲ ಹೊಟ್ಟು ಚುಚ್ಚಿ ಬೆರಳು ಉರಿಯುತ್ತಿತ್ತು. ಕೊನೆಗೆ ನನ್ನ ಮೊರದಲ್ಲಿ ಒಂದು ಹಿಡಿ ಉಳಿಯಿತು. ಅವ್ವ ಟಾರ್ಪಾಲು ತರಲು ಎದ್ದಿದ್ದಳು. ನನಗೆ ಸಾಕುಸಾಕಾಗಿತ್ತು. ಒಂದು ಹಿಡಿಯಿಂದ ಏನಾಗುತ್ತದೆ ಎಂದು ಅದನ್ನು ಹಾಗೇ ಅರೇಬಿಕಾದ ಗುಡ್ಡೆಯ ಬದಿಗೆ ತಳ್ಳಿ, ಮೇಲೆ ಕೈಯಾಡಿಸಿದೆ. ಶೈಲಾ ಬೆನ್ನು ಹಾಕಿ ಮೊರ ಒದರುತ್ತಿದ್ದಳು.

ಸೋಮವಾರ ಬೆಳಿಗ್ಗೆ ಸಾಹುಕಾರರು ಬಂದರು. ನನ್ನನ್ನು ಶಾಲೆಗೆ ಕರೆಯಲು ಶೈಲಾ ಕೂಡ ಅವರ ಹಿಂದೆಯೇ ಬಂದಿದ್ದಳು. ಸಿಮೆಂಟಿನ ಮೇಲೆ ಟೈರಿನ ಗುರುತು ನಾವು ಒರೆಸಿರಲಿಲ್ಲ, ಅದು ನಮಗೆ ಹೊಳೆದೇ ಇರಲಿಲ್ಲ. ಅವರು ಗುರುತಿನ ಜಾಡು ಹಿಡಿದು ನಡೆದು, ಅರೇಬಿಕಾದ ಗುಡ್ಡೆಗೆ ಕೈ ಹಾಕಿ ಒಂದು ಹಿಡಿ ತೆಗೆದು, ಅಂಗೈ ಬಿಚ್ಚಿದರು. ಎಲ್ಲ ಬಿಟ್ಟು ಅದೇ ಜಾಗಕ್ಕೆ ಕೈ ಹಾಕಬೇಕೇ! ಗುಂಡು ಬೀಜಗಳು ದೂರದಿಂದಲೇ ನನಗೆ ಕಂಡವು.

"ಇದು ಯಾರ ಕೆಲಸ?"

ಅವ್ವ ನನ್ನ ಪಕ್ಕದಲ್ಲೇ ನಿಂತಿದ್ದಳು. ಅವಳ ಕೈ ಸೆರಗು ಹಿಂಡುತ್ತಿತ್ತು. ನಾನು ಅವಳ ಹಿಂದೆ ಸರಿದೆ.

"ನಂದು ದೊಡ್ಡಪ್ಪ" ಅಂದಳು ಶೈಲಾ. "ಗಿರಿಜಮ್ಮ ಬೇಡ ಅಂದ್ರೂ ಕೀ ಇಸ್ಕೊಂಡೆ. ಬೆರೆಸಿದ್ದೂ ನಾನೇ, ಸರಿಯಾಗಿ ಆರಿಸದೇ ಇದ್ದದ್ದೂ ನಾನೇ."

ಅವರು ಅವ್ವನ ಕಡೆ ಕೈ ಚಾಚಿ, "ಕೀ ಇಲ್ಲಿ ಕೊಡಿ. ಆ ಗುಡ್ಡೆ ಇನ್ನೊಂದ್ಸಲ ಆರಿಸಿ" ಅಂದರು. ಅಷ್ಟೇ. ಕೆಲಸ ಉಳಿಯಿತು. ಶೈಲಾ ಉಳಿಯಲಿಲ್ಲ. ಹೇಳದೆ ಕೇಳದೆ ಕೂಲಿಯವರ ಜೊತೆ ಕಣದಲ್ಲಿ ಕೂರುವ ಹುಡುಗಿಯ ಜವಾಬ್ದಾರಿ ನಮಗೆ ಬೇಡ ಎಂದು, ಪರೀಕ್ಷೆ ಮುಗಿದ ಮಾರನೇ ದಿನವೇ ಆಲ್ದೂರಿನ ಬಸ್ಸಿಗೆ ಹತ್ತಿಸಿದರು. ಸೈಕಲ್ಲು ಬಸ್ಸಿನ ಟಾಪಿನ ಮೇಲೆ ಹೋಯಿತು. ಅವಳು ಸರಿಯಾಗಿ ಆರಿಸದ್ದಕ್ಕೇ ಹೀಗಾಯಿತು ಎಂದು ಕಣದ ಹೆಂಗಸರು ಆಡಿಕೊಂಡಾಗಲೂ ನಾನು ಬಾಯಿ ಬಿಡಲಿಲ್ಲ.

ಅವ್ವ ಆ ಕಣದಲ್ಲಿ ಇನ್ನೂ ಒಂಬತ್ತು ವರ್ಷ ದುಡಿದಳು. ನಾನು ಓದಿದೆ, ಹಟ ಹಿಡಿದು ಓದಿದೆ, ಸರ್ಕಾರಿ ಬಸ್ಸಿನ ಕಂಡಕ್ಟರ್ ಆದೆ. ಬಾಳೆಹೊನ್ನೂರಿನ ರೂಟು, ಆಲ್ದೂರಿನ ಮೇಲೆ ಹೋಗುತ್ತದೆ. ಹೋದ ವರ್ಷ ಅಲ್ಲಿ ಹತ್ತಿದ ಒಬ್ಬರು ಫ್ರೀ ಟಿಕೆಟ್ಟಿಗೆಂದು ಆಧಾರ್ ಕಾರ್ಡ್ ಚಾಚಿದರು. ಹೆಸರು ಓದಿ ನನ್ನ ಕೈ ನಿಂತಿತು. ಬಸ್ಸು ಖಾಲಿ ಇತ್ತು. ಟಿಕೆಟ್ ಕೊಡುವ ಮೊದಲೇ, ಇಷ್ಟು ವರ್ಷ ಹೊತ್ತದ್ದನ್ನು ಹೇಳಿಬಿಟ್ಟೆ. "ಆ ಕೊನೇ ಹಿಡಿ ನಂದು ಕಣೇ."

"ಗೊತ್ತು. ಮೊರ ಒದರ್ತಾ ತಿರುಗಿ ನೋಡಿದ್ದೆ" ಅಂದಳು ಶೈಲಾ.

"ನೋಡಿಯೂ ಯಾಕೆ ಹಂಗೆ ಹೇಳ್ದೆ?"

"ಇನ್ನೇನು ಮಾಡ್ಲಿ ಮಾರಾಯ್ತಿ? ನಂಗೆ ಹೋಗಕ್ಕೆ ಆಲ್ದೂರು ಇತ್ತು. ನಿಂಗೆಲ್ಲಿತ್ತು?"

ಆ ಕಣವೀಗ ಸೈಟುಗಳಾಗಿದೆ. ಬೀಜ ಆರಿಸಲು ಎಲ್ಲ ಕಡೆ ಮಿಷನ್ ಬಂದಿದೆ, ಒಂದು ಹಿಡಿಯೂ ತಪ್ಪುವುದಿಲ್ಲವಂತೆ. ಅವ್ವ ಇಲ್ಲ. ಈ ಮಾತು ಅವಳು ಕೇಳಬೇಕಿತ್ತು. ಹದಿಮೂರರಿಂದ ಇಲ್ಲಿಯವರೆಗೆ ನಾವಿಬ್ಬರೂ ಒಂದೇ ಬೆಂಚಿನಲ್ಲಿ ಕೂತು ಬೆಳೆಯಬಹುದಾಗಿದ್ದ ವರ್ಷಗಳೆಲ್ಲ ನನ್ನ ಒಂದು ಹಿಡಿ ಸೋಮಾರಿತನಕ್ಕೆ ಹೋದವು. ಅವತ್ತು ಶೈಲಾ ಇಳಿಯುವವರೆಗೂ ನಾನು ಕಂಡಕ್ಟರ್ ಸೀಟಿಗೆ ಹೋಗಲಿಲ್ಲ. ಅವಳ ಪಕ್ಕ ಒಂದು ಗೇಣು ಬಿಟ್ಟು ಕೂತೆ. ಅವಳು ಈಚೆ ಸರಿದಳು.