ಗೂಬಕ್ಕ ಕಾಯುವ ಜೋಡಿ ನಕ್ಷತ್ರ

ಮೂಡಲ ಕಡೆ ಆಕಾಶ ಬೆಳ್ಳಗಾಗುತ್ತಿದೆ. ಗುಡ್ಡದ ನೆತ್ತಿಯ ಸಣ್ಣ ಗುಮ್ಮಟದೊಳಗೆ ನಡುವಯಸ್ಸು ದಾಟಿದ ಹೆಂಗಸೊಬ್ಬರು ಸ್ವೆಟರಿನ ಮೇಲೆ ಶಾಲು ಬಿಗಿದು, ಉಣ್ಣೆಯ ಟೋಪಿಯನ್ನು ಕಿವಿ ಮುಚ್ಚುವಷ್ಟು ಎಳೆದುಕೊಂಡು ಕಂಪ್ಯೂಟರಿನ ಮುಂದೆ ಕುಳಿತಿದ್ದಾರೆ. ಪರದೆಯಲ್ಲಿ ಚುಕ್ಕಿಗಳು ಒಂದೊಂದಾಗಿ ಮಾಸುತ್ತಿವೆ. "ಇನ್ನೊಂದು ಸಿಗತ್ತೆ, ಬಿಡಬಾರದು," ಎಂದು ತಮ್ಮಷ್ಟಕ್ಕೇ ಹೇಳಿಕೊಂಡು ಕೊನೆಯದೊಂದು ಚಿತ್ರ ತೆಗೆಯುತ್ತಾರೆ. ಆಮೇಲೆ ಎದ್ದು ದೂರದರ್ಶಕಕ್ಕೆ ಮುಚ್ಚಳ ಹಾಕಿ, ಸರಪಳಿ ಜಗ್ಗಿ ಗುಮ್ಮಟದ ಕಿಂಡಿ ಮುಚ್ಚುತ್ತಾರೆ. ಕಿಂಡಿ ಊರಿಗೆಲ್ಲ ಕೇಳುವಂತೆ ಕಿರುಗುಡುತ್ತದೆ. "ಎಣ್ಣೆ ಕೊಡ್ಸಿ ಅಂತ ಕೇಳಿ ಕೇಳಿ ಸಾಕಾಯ್ತು. ಕೊನೆಗೆ ಮನೆಯಿಂದ ಅಡುಗೆ ಎಣ್ಣೇನೇ ತಂದು ಬಿಟ್ಟೆ. ಆದ್ರೂ ಇದರ ಮುನಿಸು ಇಳಿದಿಲ್ಲ ನೋಡಿ."

ಕಾಗದದ ಮೇಲೆ ಇವರು ವೀಕ್ಷಣಾ ಸಹಾಯಕಿ. ಗುಡ್ಡದ ಕೆಳಗಿನ ಬೀದಿಯಲ್ಲಿ ಗೂಬಕ್ಕ. ಎಲ್ಲರೂ ಕೆಲಸಕ್ಕೆ ಹೊರಡುವಾಗ ಮನೆಗೆ ಬಂದು ಮಲಗುವವರಿಗೆ ಮಕ್ಕಳು ಇನ್ನೇನು ಹೆಸರಿಡುತ್ತಾರೆ? ಅವರಿಗೂ ಬೇಸರವಿಲ್ಲ. ಮದುವೆಮನೆಗಳಲ್ಲಿ ತೂಕಡಿಸಿ ನಗೆಪಾಟಲಾಗಿದ್ದನ್ನು ತಾವೇ ಹೇಳಿಕೊಂಡು ನಗುತ್ತಾರೆ. ಚಳಿಯಲ್ಲಿ ಕೂತು ಕೂತು ಮೊಣಕಾಲು ಹಿಡಿದುಕೊಂಡಿದೆ, ಅದನ್ನು ಹೇಳುವಾಗ ಮಾತ್ರ ನಗು ಸ್ವಲ್ಪ ಕಡಿಮೆಯಾಗುತ್ತದೆ.

ಈ ಕೆಲಸಕ್ಕೆ ಸೇರಿದ ಹತ್ತೊಂಬತ್ತು ವರ್ಷದಲ್ಲಿ ಅವರು ಎಷ್ಟೋ ನಕ್ಷತ್ರ ನೋಡಿದ್ದಾರೆ. ಆದರೆ ಬಿಡದೆ ಬೆನ್ನುಹತ್ತಿರುವುದು ಒಂದೇ ಜೋಡಿಯನ್ನು. ಬರಿಗಣ್ಣಿಗೆ ಕಾಣದ, ದೂರದರ್ಶಕದಲ್ಲೂ ಒಂದೇ ಚುಕ್ಕಿಯಾಗಿ ಕಾಣುವ ಎರಡು ದೈತ್ಯ ನಕ್ಷತ್ರಗಳವು. ಎರಡೂ ನಮ್ಮ ಸೂರ್ಯನಿಗಿಂತ ಎಷ್ಟೋ ಪಟ್ಟು ಭಾರ. ಭಾರ ಹೆಚ್ಚಿದಷ್ಟೂ ನಕ್ಷತ್ರದ ಆಯಸ್ಸು ಕಡಿಮೆ. ಇವುಗಳಲ್ಲಿ ಒಂದಕ್ಕೆ ಆಗಲೇ ಮುಪ್ಪು ಬಂದಿದೆ, ಹೊರಮೈಯನ್ನೆಲ್ಲ ಬಿರುಗಾಳಿಯಾಗಿ ಊದಿ ಚೆಲ್ಲುತ್ತಿದೆ. ಮೈ ತಾಗುವಷ್ಟು ಹತ್ತಿರದಲ್ಲಿ ಒಂದನ್ನೊಂದು ಸುತ್ತುವ ಇವು ಕೆಲವೇ ದಿನಗಳಲ್ಲಿ ಒಂದು ಸುತ್ತು ಮುಗಿಸುತ್ತವೆ. ಸುತ್ತಿಗೊಮ್ಮೆ ಒಂದು ಇನ್ನೊಂದಕ್ಕೆ ಅಡ್ಡ ಬಂದಾಗ ಬೆಳಕು ಒಂದಿಷ್ಟು ಕುಗ್ಗುತ್ತದೆ. ಅದೇ ಇವುಗಳ ಗ್ರಹಣ.

"ಭಾರ ಕಳ್ಕೊಂಡ ಹಾಗೆಲ್ಲ ಇಬ್ಬರೂ ದೂರ ಸರೀತಾರೆ. ಸುತ್ತೋಕೆ ಹೊತ್ತು ಜಾಸ್ತಿ ಬೇಕಾಗತ್ತೆ, ಗ್ರಹಣ ತಡ ಆಗತ್ತೆ," ಎಂದು ಮನೆಮಂದಿಯ ಸುದ್ದಿ ಹೇಳುವಂತೆ ವಿವರಿಸುತ್ತಾರೆ. ಆ ತಡ ವರ್ಷಕ್ಕೆ ಒಂದು ಕೂದಲೆಳೆಯಷ್ಟು. ಎಷ್ಟು ವೇಗವಾಗಿ ಈ ನಕ್ಷತ್ರಗಳು ಕರಗುತ್ತಿವೆ ಎಂದು ತಿಳಿಯಬೇಕಾದರೆ ವರ್ಷಗಟ್ಟಲೆ ಗ್ರಹಣದ ಹೊತ್ತು ಗುರುತಿಸುತ್ತ ಕೂರಬೇಕು. ದೊಡ್ಡ ದೂರದರ್ಶಕಗಳಿಗೆ ಅಷ್ಟು ಪುರಸೊತ್ತಿಲ್ಲ. ಹಾಗಾಗಿ ಈ ಸಣ್ಣ ಗುಮ್ಮಟ, ಹಾಗಾಗಿ ಗೂಬಕ್ಕ.

ನಾಳಿದ್ದು ಸಂಜೆ ಅಂಥದೊಂದು ಗ್ರಹಣವಿದೆ. ಹತ್ತೊಂಬತ್ತು ವರ್ಷದ ದುಡಿಮೆ ಉಳಿಯುತ್ತದೋ ನೀರಿನಲ್ಲಿ ಹೋಮವಾಗುತ್ತದೋ ಅಂದು ಗೊತ್ತಾಗಲಿದೆ.

ಆದದ್ದಿಷ್ಟು. ಆಕಾಶದಲ್ಲಿ ಬೆಳಕನ್ನು ನೇರವಾಗಿ ಅಳೆಯಲಾಗುವುದಿಲ್ಲ. ತೆಳುಮೋಡ, ದೂಳು, ಮಂಜು ಎಲ್ಲವೂ ಕೈಯಾಡಿಸುತ್ತವೆ. ಅದಕ್ಕೇ ಜೋಡಿಯ ಪಕ್ಕದಲ್ಲೇ ಇರುವ, ಎಂದೂ ಬದಲಾಗದ ಒಂದು ನಕ್ಷತ್ರವನ್ನು ಆರಿಸಿಕೊಂಡು ಅದರ ಬೆಳಕಿನೊಂದಿಗೆ ಹೋಲಿಸಿ ನೋಡುತ್ತಾರೆ. ಗೂಬಕ್ಕ ಅದನ್ನು ಅಳತೆಯ ಚುಕ್ಕಿ ಎನ್ನುತ್ತಾರೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಅದನ್ನು ಆರಿಸಿದ್ದೂ ಅವರೇ. ಹೋದ ವರ್ಷ, ಒಮ್ಮೆಗೆ ಒಂದೇ ಚುಕ್ಕಿಯ ಬೆಳಕು ಅಳೆಯುತ್ತಿದ್ದ ಹಳೆಯ ಯಂತ್ರ ತೆಗೆದು ಕ್ಯಾಮೆರಾ ಕೂರಿಸಿದಾಗ ಸುತ್ತಮುತ್ತಲಿನ ಚುಕ್ಕಿಗಳೆಲ್ಲ ಒಂದೇ ಚಿತ್ರದಲ್ಲಿ ಸಿಗತೊಡಗಿದವು. ಹಳೆಯ ನಕ್ಷತ್ರಪಟ್ಟಿಯ ಪಕ್ಕ ಇಟ್ಟು ನೋಡಿದಾಗ ಉಳಿದವೆಲ್ಲ ಒಂದು ಮಾತು ಹೇಳಿದರೆ ಅಳತೆಯ ಚುಕ್ಕಿಯೊಂದೇ ಬೇರೆ ಹೇಳುತ್ತಿತ್ತು. ಬದಲಾಗದು ಎಂದು ನಂಬಿದ್ದ ನಕ್ಷತ್ರವೇ ವರ್ಷದಿಂದ ವರ್ಷಕ್ಕೆ ನಿಧಾನವಾಗಿ ಹೆಚ್ಚು ಬೆಳಗುತ್ತ ಬಂದಿತ್ತು.

"ಕ್ಯಾಮೆರಾನೇ ಸರಿಯಿಲ್ಲ ಅಂದ್ಕೊಂಡೆ. ಮತ್ತೆ ಮತ್ತೆ ನೋಡ್ದೆ. ಕ್ಯಾಮೆರಾ ಸರಿಯಾಗೇ ಇತ್ತು." ಕೆಲವು ವಾರ ಯಾರಿಗೂ ಹೇಳಲಿಲ್ಲ. ಹಗಲಿನ ನಿದ್ದೆ ಹಾರಿಹೋಯಿತು.

ಮನೆಯಲ್ಲಿ ಅವರ ನಿದ್ದೆಗೆ ಕಾವಲು ಅತ್ತೆ. ಬಟ್ಟೆ ಹೊಲಿದೇ ಮಗನನ್ನು ಬೆಳೆಸಿದ ಹಿರಿಜೀವ. ಆ ಮಗ ಶಾಲೆಯ ವ್ಯಾನ್ ಓಡಿಸಲು ಹೊರಡುವ ಹೊತ್ತಿಗೆ ಸೊಸೆ ಗುಡ್ಡ ಇಳಿದು ಬರುತ್ತಾರೆ. ಗಂಡಹೆಂಡತಿ ಸಿಗುವುದು ಹೊಸಿಲಲ್ಲಿ. ಆಮೇಲೆ ಅತ್ತೆ ಬಾಗಿಲಿಗೆ ಕುರ್ಚಿ ಹಾಕಿ ಕೂರುತ್ತಾರೆ. ತರಕಾರಿಯವನು ಕೂಗು ಹಾಕಿದರೆ ಸಾಕು, ಅವರ ಕಣ್ಣಿಗೇ ಅವನ ಬಾಯಿ ಕಟ್ಟುತ್ತದೆ. ಸೊಸೆ ಹೊರಳಾಡುವುದನ್ನು ಕಂಡು ಒಂದು ಮಧ್ಯಾಹ್ನ ಅವರೇ ಕೇಳಿದರು.

"ಏನೇ ಅದು, ಗಂಟಲಲ್ಲಿ ಇಟ್ಕೊಂಡು ಒದ್ದಾಡ್ತಿರೋದು?"

ಸೊಸೆ ಎಲ್ಲ ಹೇಳಿದರು. ಅತ್ತೆಗೆ ನಕ್ಷತ್ರ ತಲೆಗೆ ಹೋಗಲಿಲ್ಲ, ಅಳತೆ ಹೋಯಿತು.

"ಅಂದ್ರೆ ಟೇಪೇ ಹಿಗ್ಗಿತ್ತು ಅನ್ನು."

"ಹೂಂ ಅತ್ತೆ. ನಾನೇ ಆರಿಸಿದ್ದ ಟೇಪು."

"ನಂಗೂ ಆಗಿತ್ತು ಒಂದ್ಸಲ. ಹಾಕ್ಕೊಂಡೋರು ಬಂದು ಬಯ್ಯೋಕೆ ಮುಂಚೆ ನಾನೇ ಮನೆಮನೆಗೆ ಹೋಗಿ ಹೇಳ್ಬಂದೆ. ಮಾನ ಹೋಯ್ತು, ನಿಜ. ನಿದ್ದೆ ಬಂತು. ಹೋಗು, ನಿಮ್ಮ ಮೇಡಂಗೆ ಹೇಳು."

ಮೇಡಂ ಎಂದರೆ ವೀಕ್ಷಣಾಲಯದ ಮುಖ್ಯಸ್ಥೆ. ಗೂಬಕ್ಕನ ಅಳತೆಗಳ ಮೇಲೆ ಪ್ರಬಂಧ ಬರೆದು, ಈ ಜೋಡಿ ಮಂಕಾಗುತ್ತಿದೆ ಎಂದು ಜಗತ್ತಿಗೆ ಸಾರಿ ಹೆಸರು ಮಾಡಿದವರು. ಅಳತೆಯ ಚುಕ್ಕಿ ಬೆಳಗುತ್ತ ಹೋದರೆ ಪಕ್ಕದ್ದು ಮಂಕಾದಂತೆ ತೋರದೆ ಇನ್ನೇನಾದೀತು? ಗೂಬಕ್ಕ ಹೋಗಿ ಅವರಿಗೆ ಎಲ್ಲ ತಿಳಿಸಿದರು. "ಆರಿಸಿದ್ದು ನಾನು ಮೇಡಂ, ತಪ್ಪು ನಂದು," ಎಂದು ಇವರು ಹೇಳುವಷ್ಟರಲ್ಲಿ, "ಒಪ್ಪಿದ್ದು ನಾನು. ಬರೆದದ್ದೂ ನಾನೇ. ನೀವು ಬಾಯಿ ಮುಚ್ಕೊಂಡಿದ್ರೆ ಯಾರಿಗೂ ತಿಳೀತಿರಲಿಲ್ಲ, ಅದೂ ಗೊತ್ತು ನಂಗೆ," ಎಂದರು ಮೇಡಂ. ಆ ತಿಂಗಳೇ ಪ್ರಬಂಧವನ್ನು ಹಿಂತೆಗೆದುಕೊಂಡರು. ಹೊರಗಿನವರು ಆಡಿಕೊಂಡಿದ್ದನ್ನೆಲ್ಲ ಹೊಟ್ಟೆಗೆ ಹಾಕಿಕೊಂಡರು.

ಬೆಳಕಿನ ಲೆಕ್ಕ ಹೋಯಿತು. ಉಳಿದದ್ದು ಗ್ರಹಣದ ಹೊತ್ತಿನ ಲೆಕ್ಕ. ಅಳತೆಯ ಚುಕ್ಕಿ ವರ್ಷಗಳಲ್ಲಿ ಮಾತ್ರ ಬದಲಾಗಿದ್ದರೆ ಒಂದೊಂದು ರಾತ್ರಿಯ ಹೊತ್ತಿಗೆ ಪೆಟ್ಟಿಲ್ಲ. ಹಿಂದೆಲ್ಲ ಗಂಟೆಗಂಟೆಗೂ ಅದು ಅಲುಗಾಡಿದ್ದರೆ ಗ್ರಹಣದ ಹೊತ್ತುಗಳೂ ಸುಳ್ಳು. ಹಳೆಯ ಯಂತ್ರ ಚಿತ್ರ ತೆಗೆಯುತ್ತಿರಲಿಲ್ಲ, ಮರಳಿ ನೋಡಲು ಏನೂ ಇಲ್ಲ. ಇರುವುದೊಂದೇ ದಾರಿ: ಹಳೆಯ ಹೊತ್ತುಗಳ ಪ್ರಕಾರ ಮುಂದಿನ ಗ್ರಹಣ ಯಾವಾಗ ಎಂದು ಮೊದಲೇ ಹೇಳಿ, ಹೊಸ ಚುಕ್ಕಿ ಹಿಡಿದು ಅಳೆದು ನೋಡುವುದು. ಈ ಸಲದ ಗ್ರಹಣಗಳಲ್ಲಿ ಕೆಲವು ಹಗಲಿಗೆ ಬಿದ್ದವು, ಉಳಿದವಕ್ಕೆ ಮೋಡ ಅಡ್ಡಬಂತು. ನಾಳಿದ್ದಿನದು ತಪ್ಪಿದರೆ ಮಳೆಗಾಲ. ಅದು ಮುಗಿಯುವಷ್ಟರಲ್ಲಿ ಗುಮ್ಮಟ ಬೇರೆ ಕೆಲಸಕ್ಕೆ ಹೋಗುತ್ತದೆ ಎಂದು ಮೇಲಿನವರು ಆಗಲೇ ತಿಳಿಸಿದ್ದಾರೆ.

ಗ್ರಹಣದ ಸಂಜೆ ಹೊತ್ತು ಮುಳುಗುವ ಮುಂಚೆಯೇ ಗೂಬಕ್ಕ ಗುಮ್ಮಟ ತೆರೆದು ಕೂತಿದ್ದಾರೆ. ಮೇಡಂ ತಮ್ಮ ಕೋಣೆ ಬಿಟ್ಟು ಇಲ್ಲಿಗೇ ಬಂದಿದ್ದಾರೆ. ಪಡುವಣದಲ್ಲಿ ಮೋಡದ ಒಂದು ಪಟ್ಟಿ ಬಿದ್ದುಕೊಂಡಿದೆ, ಇಬ್ಬರೂ ಅದರ ಮಾತೆತ್ತುವುದಿಲ್ಲ. ಕತ್ತಲಾಗುತ್ತಲೇ ಚಿತ್ರಗಳು ಒಂದರ ಹಿಂದೊಂದು ಬರುತ್ತವೆ. ಪರದೆಯ ಮೇಲೆ ಮೇಡಂ ಒಂದು ಗೆರೆ ಎಳೆದಿದ್ದಾರೆ. ಗೂಬಕ್ಕನ ಹಳೆಯ ಹೊತ್ತುಗಳು ಸರಿಯಿದ್ದರೆ ಬೆಳಕು ಅತಿ ಕಡಿಮೆಯಾಗಬೇಕಾದ ಜಾಗ ಅದು. ಬಿಂದುಗಳು ಇಳಿಯತೊಡಗುತ್ತವೆ. ಇಳಿದು ಇಳಿದು, ಗೆರೆಯ ಹತ್ತಿರ ನಿಂತು, ಒಂದು ಘಳಿಗೆ ಅಲ್ಲೇ ತಡೆದು, ಮೆಲ್ಲಗೆ ಮೇಲೇರತೊಡಗುತ್ತವೆ. ಏರಿದ್ದು ಖಾತ್ರಿಯಾಗುವವರೆಗೂ ಇಬ್ಬರೂ ಪರದೆಯ ಮುಂದಿನಿಂದ ಏಳುವುದಿಲ್ಲ.

ಮೇಡಂ ಲೆಕ್ಕ ಹಾಕುತ್ತಾರೆ, ಇನ್ನೊಮ್ಮೆ ಹಾಕುತ್ತಾರೆ. ಕನ್ನಡಕ ತೆಗೆದು ಸೆರಗಿನಿಂದ ಒರೆಸುತ್ತ, "ಗೆರೆ ಮೇಲೇ ಬಂದಿದೆ ಕಣ್ರೀ," ಎನ್ನುತ್ತಾರೆ. ಗೂಬಕ್ಕ ಎದ್ದು ಹೊರಗೆ ಹೋಗುತ್ತಾರೆ. ಗೋಡೆಗೆ ಒರಗಿ, ಶಾಲಿನಲ್ಲಿ ಮುಖ ಮುಚ್ಚಿಕೊಂಡು ಬಿಕ್ಕಿ ಬಿಕ್ಕಿ ಅಳುತ್ತಾರೆ. ಒಂದು ವರ್ಷದಿಂದ ತಡೆದಿಟ್ಟ ಅಳು ಅದು.

ಒಳಗೆ ಬಂದವರೇ ಮತ್ತೆ ಕುರ್ಚಿಯಲ್ಲಿ ಕೂರುತ್ತಾರೆ. ಮೇಲಿನವರ ಹತ್ತಿರ ಈಗ ಏನು ಕೇಳುತ್ತೀರಿ ಎಂದರೆ, ಮಳೆ ಮುಗಿದ ಮೇಲೆ ಈ ಜೋಡಿಯನ್ನು ತಮಗೇ ಬಿಟ್ಟುಕೊಟ್ಟರೆ ಸಾಕು ಎನ್ನುತ್ತಾರೆ. ಆಮೇಲೆ ಪರದೆಯಿಂದ ಕಣ್ಣು ತೆಗೆಯದೆಯೇ ಹೇಳುತ್ತಾರೆ: "ಬೆಳಕು ತಪ್ಪು ಅಳೆದಿದ್ದೆ, ಒಪ್ತೀನಿ. ಆದ್ರೆ ಅಷ್ಟೂ ವರ್ಷ ಹೊತ್ತಿಗೆ ಸರಿಯಾಗಿ ಕಾದಿದ್ದೆ."